ಮೊದಲ ಹಾಡೇ ಫುಲ್ ಸೌಂಡ್‌ನಲ್ಲಿ ಇರಬೇಕಾ? ಡಿಜೆ ರಾತ್ರಿಯ ಮೊದಲ ಗಂಟೆಯ ಹಿಂದಿರುವ ವಿಜ್ಞಾನ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ‘ಡಿಜೆ ಬಂತು’ ಎಂದು ಯಾರಾದರೂ ಕೂಗಿದರೆ ಜನ ತಿರುಗಿ ನೋಡುವುದು ಮನುಷ್ಯನನ್ನಲ್ಲ, ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ಗೋಡೆಯ ಹಾಗೆ ಪೇರಿಸಿದ ಸೌಂಡ್ ಬಾಕ್ಸ್‌ಗಳನ್ನು. ಗಣೇಶ ವಿಸರ್ಜನೆ ಇರಲಿ, ಮದುವೆ ಮೆರವಣಿಗೆ ಇರಲಿ, ಈ ಬಾಕ್ಸ್‌ಗಳ ಬಗ್ಗೆ ಒಂದು ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಮೊದಲ ಹಾಡೇ ಸೂಪರ್ ಹಿಟ್ ಆಗಿರಬೇಕು, ಮೊದಲ ನಿಮಿಷದಿಂದಲೇ ಫುಲ್ ಸೌಂಡ್ ಬಿಡಬೇಕು, ಇಲ್ಲದಿದ್ದರೆ ಜನ ಸೇರುವುದಿಲ್ಲ, ಕುಣಿಯುವುದಿಲ್ಲ ಎಂಬುದು ಆ ನಂಬಿಕೆ.

ಇದು ಎಷ್ಟು ನಿಜ? ಇದನ್ನು ನೋಡಲು ನಾವು ಸ್ವಲ್ಪ ದೂರದ ಒಂದು ಉದಾಹರಣೆ ತೆಗೆದುಕೊಂಡಿದ್ದೇವೆ: ದೊಡ್ಡ ಊರುಗಳ ಕ್ಲಬ್‌ಗಳಲ್ಲಿ ನಡೆಯುವ ಟೆಕ್ನೋ ಸಂಗೀತದ ರಾತ್ರಿಗಳು. ಅಲ್ಲಿ ಸದ್ದಿಗೇನೂ ಬರವಿಲ್ಲ. ಆದರೂ ಮೊದಲ ಒಂದೆರಡು ಗಂಟೆಗೆಂದೇ ಅಲ್ಲಿ ಬೇರೆ ಡಿಜೆ ಇರುತ್ತಾರೆ. ಅವರು ಬೇಕೆಂದೇ ನಿಧಾನದ, ಕಡಿಮೆ ಸದ್ದಿನ ಸಂಗೀತ ಆರಿಸುತ್ತಾರೆ. ಅದಕ್ಕೆ ಕಾರಣ ಬರೀ ಅಭಿರುಚಿಯಲ್ಲ. ನಮ್ಮ ಕಿವಿ ಮತ್ತು ಮೈ ಕೆಲಸ ಮಾಡುವ ರೀತಿಯೇ ಹಾಗಿದೆ. ಈ ವಿಷಯ ನಮ್ಮ ಊರಿನ ಮೆರವಣಿಗೆಗೂ ಅಷ್ಟೇ ಅನ್ವಯಿಸುತ್ತದೆ.

ಟೆಕ್ನೋ ಎಂದರೇನು? ವಾರ್ಮ್‌ಅಪ್ ಸೆಟ್ ಎಂದರೇನು?

ಡಿಜೆ ಎಂದರೆ ಡಿಸ್ಕ್ ಜಾಕಿ, ಅಂದರೆ ಹಾಡುಗಳನ್ನು ಆರಿಸಿ ಒಂದಕ್ಕೊಂದು ಬೆಸೆದು ನುಡಿಸುವ ವ್ಯಕ್ತಿ. ನಮ್ಮ ಕಡೆ ಆ ಹೆಸರು ಮನುಷ್ಯನಿಂದ ಜಾರಿ ಬಾಕ್ಸ್‌ಗಳಿಗೆ ಅಂಟಿಕೊಂಡಿದೆ.

ಟೆಕ್ನೋ ಹುಟ್ಟಿದ್ದು 1980ರ ದಶಕದಲ್ಲಿ, ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ. ಹುವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಎಂಬ ಮೂವರು ಗೆಳೆಯರ ಹೆಸರು ಇದರ ಜೊತೆ ಸೇರಿಕೊಂಡಿದೆ. ಸಿಂಥಸೈಜರ್ ಮತ್ತು ಡ್ರಮ್ ಮಷೀನ್‌ಗಳಿಂದ ಮಾಡಿದ, ಹೆಚ್ಚಾಗಿ ಮಾತಿಲ್ಲದ, ಒಂದೇ ಸಮನೆ ‘ಧಂ ಧಂ ಧಂ ಧಂ’ ಎಂದು ಸಾಗುವ ಸಂಗೀತ ಅದು. ಮುಂದೆ ಜರ್ಮನಿಯ ಬರ್ಲಿನ್ ಇದರ ದೊಡ್ಡ ನೆಲೆಯಾಯಿತು. 2024ರಲ್ಲಿ ಜರ್ಮನಿ ಬರ್ಲಿನ್‌ನ ಟೆಕ್ನೋ ಸಂಸ್ಕೃತಿಯನ್ನು ತನ್ನ ಅಮೂರ್ತ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು. ಇಂದು ಬೆಂಗಳೂರಿನ ಕ್ಲಬ್‌ಗಳಲ್ಲೂ ಟೆಕ್ನೋ ರಾತ್ರಿಗಳು ನಡೆಯುತ್ತವೆ.

ಇಂಥ ರಾತ್ರಿಯಲ್ಲಿ ಮುಖ್ಯ ಡಿಜೆ ವೇದಿಕೆ ಹತ್ತುವ ಮೊದಲಿನ ಹೊತ್ತನ್ನು ‘ವಾರ್ಮ್‌ಅಪ್ ಸೆಟ್’ ಎನ್ನುತ್ತಾರೆ. ಆಗ ಜನ ಇನ್ನೂ ಒಬ್ಬೊಬ್ಬರಾಗಿ ಬರುತ್ತಿರುತ್ತಾರೆ. ಗೆಳೆಯರನ್ನು ಹುಡುಕುತ್ತಾರೆ, ಮಾತಾಡುತ್ತಾರೆ, ನೀರು ಕುಡಿಯುತ್ತಾರೆ, ಗೋಡೆಗೆ ಒರಗಿ ನಿಲ್ಲುತ್ತಾರೆ. ಅವರನ್ನು ಮೆಲ್ಲಗೆ ಕುಣಿತದ ಜಾಗಕ್ಕೆ ಕರೆತರುವುದೇ ಮೊದಲ ಡಿಜೆಯ ಕೆಲಸ. ಅವರಿಗೆ ಚಪ್ಪಾಳೆ ಕಡಿಮೆ. ಆದರೆ ರಾತ್ರಿ ಹೇಗೆ ಸಾಗುತ್ತದೆ ಎಂಬುದು ಬಹುಪಾಲು ಅವರ ಕೈಯಲ್ಲಿರುತ್ತದೆ.

ಇದು ನಮಗೆ ಹೊಸದೇ?

ಹೊಸದಲ್ಲ. ಹಲಗೆ ಬಾರಿಸುವವರು ಮೊದಲು ಮಾಡುವ ಕೆಲಸ ನೆನಪಿಸಿಕೊಳ್ಳಿ. ಒಂದಿಷ್ಟು ಕಸಕಡ್ಡಿ, ಹುಲ್ಲು ಹೊತ್ತಿಸಿ ಹಲಗೆಯನ್ನು ಕಾಸುತ್ತಾರೆ. ಗಾಳಿಯ ತೇವ ಹೀರಿದ ಚರ್ಮ ಸಡಿಲವಾಗಿರುತ್ತದೆ. ಬಿಸಿ ತಾಗಿದಾಗ ತೇವ ಆರಿ ಚರ್ಮ ಬಿಗಿಯಾಗುತ್ತದೆ, ನಾದ ಏರುತ್ತದೆ. ಕಾಯದ ಹಲಗೆಯನ್ನು ಎಷ್ಟೇ ಜೋರಾಗಿ ಹೊಡೆದರೂ ‘ದಬ್’ ಎನ್ನುತ್ತದೆಯೇ ಹೊರತು ನುಡಿಯುವುದಿಲ್ಲ.

ಬಯಲಾಟದಲ್ಲೂ ಹೀಗೆಯೇ. ಗಣಪತಿ ಸ್ತುತಿ ಆಗಿ, ಜನ ಚಾಪೆ ಹಾಸಿಕೊಂಡು ಕುಳಿತ ಮೇಲೆ ತಾನೇ ಮುಖ್ಯ ವೇಷಗಳು ರಂಗಕ್ಕೆ ಬರುವುದು? ಡೊಳ್ಳು ಕುಣಿತದಲ್ಲಿ ಹೆಜ್ಜೆ ನಿಧಾನವಾಗಿ ಶುರುವಾಗಿ ಬರಬರುತ್ತಾ ಬಿರುಸಾಗುತ್ತದೆ. ಯಲಬುರ್ಗಾದ ಪಕ್ಕದ ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರಂಥ ಖಯಾಲ್ ಗಾಯಕರು ಮೊದಲು ವಿಲಂಬಿತ್ ಹಾಡಿ ಆಮೇಲೆ ದ್ರುತ್‌ಗೆ ಹೋಗುತ್ತಿದ್ದರು. ಬಹಳ ನಿಧಾನದ ವಿಲಂಬಿತ್‌ನಲ್ಲಿ ಹನ್ನೆರಡು ಮಾತ್ರೆಯ ಒಂದು ಆವರ್ತನಕ್ಕೆ ಮುಕ್ಕಾಲು ನಿಮಿಷ ಹಿಡಿಯುವುದೂ ಉಂಟು. ಹಾಗೆಂದು ಯಾರೂ ‘ಜನ ಎದ್ದು ಹೋಗುತ್ತಾರೆ, ದ್ರುತ್‌ನಿಂದಲೇ ಶುರು ಮಾಡಿ’ ಎನ್ನಲಿಲ್ಲ.

ಯಂತ್ರದ ಬಡಿತ ನಮ್ಮ ಸಂಗೀತಕ್ಕೆ ಹೊರಗಿನದು ಎನ್ನುವವರಿಗೆ ಇನ್ನೊಂದು ಸಂಗತಿ. ಮುಂಬೈನ ಚಿತ್ರಸಂಗೀತ ವಾದಕ ಚರಣ್‌ಜಿತ್ ಸಿಂಗ್ 1982ರಲ್ಲೇ ಡ್ರಮ್ ಮಷೀನ್ ಮತ್ತು ಸಿಂಥಸೈಜರ್ ಬಳಸಿ ಹತ್ತು ರಾಗಗಳ ಒಂದು ಡಿಸ್ಕೋ ಆಲ್ಬಂ ಮಾಡಿದ್ದರು. ಆಗ ಅದನ್ನು ಕೇಳಿದವರು ಕಡಿಮೆ. 2010ರಲ್ಲಿ ಮರುಬಿಡುಗಡೆಯಾದಾಗ ಜಗತ್ತಿನ ಡಿಜೆಗಳು ಹುಬ್ಬೇರಿಸಿದರು.

ಮೊದಲ ಗಂಟೆಗೆ ಸಂಗೀತ ಆರಿಸುವುದು ಹೇಗೆ?

ಇಲ್ಲಿ ಮುಖ್ಯ ಅಳತೆ ಬಿಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಬಡಿತ. ಯಾವುದೇ ಹಾಡಿಗೆ ಕಾಲು ತಟ್ಟುತ್ತಾ 15 ಸೆಕೆಂಡಿನಲ್ಲಿ ಎಷ್ಟು ಬಡಿತ ಬಂತು ಎಂದು ಎಣಿಸಿ, ನಾಲ್ಕರಿಂದ ಗುಣಿಸಿದರೆ ಬಿಪಿಎಂ ಸಿಗುತ್ತದೆ. 30 ಬಡಿತ ಬಂದರೆ 120 ಬಿಪಿಎಂ, ಅಂದರೆ ಸೆಕೆಂಡಿಗೆ ಎರಡು. ಮನುಷ್ಯರು ಸಹಜವಾಗಿ ನಡೆಯುವಾಗ ಇಡುವ ಹೆಜ್ಜೆಯೂ ಹೆಚ್ಚುಕಡಿಮೆ ಇದೇ ವೇಗದಲ್ಲಿರುತ್ತದೆ.

ಮುಖ್ಯ ಡಿಜೆ 130ರಿಂದ 135 ಬಿಪಿಎಂನಲ್ಲಿ ನುಡಿಸುವವರು ಎಂದುಕೊಳ್ಳಿ. ಮೊದಲ ಡಿಜೆ 118ರಿಂದ 122ರ ಆಸುಪಾಸಿನಲ್ಲಿ ಶುರು ಮಾಡುತ್ತಾರೆ. ನಡೆದು ಬಂದ ಮನುಷ್ಯನ ಹೆಜ್ಜೆಗೆ ಹತ್ತಿರದ ವೇಗ ಅದು. ಆಮೇಲೆ ಕೆಲವು ಟ್ರ್ಯಾಕ್‌ಗಳಿಗೊಮ್ಮೆ ಒಂದೊಂದೇ ಬಿಪಿಎಂ ಏರಿಸುತ್ತಾರೆ. 120ರಿಂದ 121ಕ್ಕೆ ಹೋದರೆ ಆ ಬದಲಾವಣೆ ಶೇ 1ಕ್ಕಿಂತ ಕಡಿಮೆ. ಹೆಚ್ಚಿನವರಿಗೆ ಅದು ಗೊತ್ತೇ ಆಗುವುದಿಲ್ಲ. ಎರಡು ಗಂಟೆಯಲ್ಲಿ 126 ಅಥವಾ 128 ತಲುಪಿಸಿ ವೇದಿಕೆ ಬಿಟ್ಟುಕೊಟ್ಟರೆ ಮುಂದಿನವರಿಗೆ ಏರಲು ಮೆಟ್ಟಿಲು ಉಳಿದಿರುತ್ತದೆ.

ವೇಗದಷ್ಟೇ ಮುಖ್ಯವಾದ ಇನ್ನೂ ಕೆಲವು ವಿಷಯಗಳಿವೆ.

ಮೊದಲನೆಯದು, ಎಲ್ಲರಿಗೂ ಗೊತ್ತಿರುವ ದೊಡ್ಡ ಹಿಟ್‌ಗಳನ್ನು ಮುಟ್ಟದಿರುವುದು. ಖಾಲಿ ಅಂಗಳದಲ್ಲಿ ಹಿಟ್ ಹಾಡು ಹಾಕಿದರೆ ಅದು ಅಲ್ಲಿಗೇ ಖರ್ಚಾಗಿ ಹೋಗುತ್ತದೆ. ಜನ ತುಂಬಿದ ಮೇಲೆ ಅದನ್ನೇ ಮತ್ತೆ ಹಾಕಿದರೆ ಮೊದಲಿನ ಸ್ವಾರಸ್ಯ ಇರುವುದಿಲ್ಲ. ಮುಖ್ಯ ಡಿಜೆಯ ಸ್ವಂತ ಟ್ರ್ಯಾಕ್‌ಗಳನ್ನು ಅವರಿಗಿಂತ ಮೊದಲೇ ನುಡಿಸುವುದಂತೂ ಮರ್ಯಾದೆಯಲ್ಲ.

ಎರಡನೆಯದು, ಬಿಗಿ ಏರಿಸಿ ತಟ್ಟನೆ ಸ್ಫೋಟಿಸುವ ಟ್ರ್ಯಾಕ್‌ಗಳಿಗಿಂತ ಸಮನಾಗಿ ಹರಿಯುವ ಟ್ರ್ಯಾಕ್‌ಗಳನ್ನು ಆರಿಸುವುದು. ಬೇಸ್ ಇರಲಿ, ಆದರೆ ಎದೆಗೆ ಗುದ್ದುವಂತೆ ಬೇಡ. ಪಕ್ಕದಲ್ಲಿದ್ದವರ ಮಾತು ಕೇಳಿಸುವಷ್ಟು ಜಾಗ ಇರಲಿ.

ಮೂರನೆಯದು, ಬೆಸೆಯುವಾಗ ಅವಸರ ಮಾಡದಿರುವುದು. ಟೆಕ್ನೋ ಟ್ರ್ಯಾಕ್‌ಗಳು ಸಾಮಾನ್ಯವಾಗಿ 16 ಅಥವಾ 32 ಬಡಿತಗಳ ಕಂತುಗಳಲ್ಲಿ ಬದಲಾಗುತ್ತವೆ. 120 ಬಿಪಿಎಂನಲ್ಲಿ 32 ಬಡಿತ ಎಂದರೆ 16 ಸೆಕೆಂಡು. ಹೊಸ ಟ್ರ್ಯಾಕನ್ನು ಈ ಕಂತಿನ ಆರಂಭಕ್ಕೆ ಸರಿಯಾಗಿ ಸೇರಿಸಿದರೆ ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂಬುದೇ ತಿಳಿಯುವುದಿಲ್ಲ.

ನಾಲ್ಕನೆಯದು, ಬೇಕಾದ್ದಕ್ಕಿಂತ ಹೆಚ್ಚು ಸಂಗೀತ ಇಟ್ಟುಕೊಳ್ಳುವುದು. ಎರಡು ಗಂಟೆಗೆ ಸುಮಾರು 20ರಿಂದ 25 ಟ್ರ್ಯಾಕ್ ಸಾಕು. ಆದರೂ ಅದರ ಎರಡು ಮೂರು ಪಟ್ಟು ಸಿದ್ಧವಿರಬೇಕು. ಮಳೆ ಬಂದು ಜನ ತಡವಾಗಬಹುದು, ಬೇಗನೆ ತುಂಬಿಬಿಡಬಹುದು. ಮನೆಯಲ್ಲೇ ಪೂರ್ತಿ ಪಟ್ಟಿ ಬರೆದು ತಂದವರು ಅಲ್ಲಿ ಜನರ ಮುಖ ನೋಡುವುದಿಲ್ಲ, ಪಟ್ಟಿಯನ್ನೇ ನೋಡುತ್ತಾರೆ.

ಬೀಟ್‌ಗೆ ತಕ್ಕಂತೆ ಹೃದಯ ಬಡಿಯುತ್ತದೆಯೇ?

‘130 ಬಿಪಿಎಂ ಹಾಡು ಕೇಳಿದರೆ ಹೃದಯವೂ 130 ಸಲ ಬಡಿಯುತ್ತದೆ’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಇದು ತಪ್ಪು. ಹೃದಯಕ್ಕೆ ತನ್ನದೇ ಲಯ ಹುಟ್ಟಿಸುವ ಕೋಶಗಳಿವೆ. ಅದು ಹಾಡಿನ ಬಡಿತವನ್ನು ಒಂದಕ್ಕೊಂದರಂತೆ ಹಿಂಬಾಲಿಸುವುದಿಲ್ಲ.

ಆದರೆ ಮಾತಿನಲ್ಲಿ ಸ್ವಲ್ಪ ಸತ್ಯವೂ ಇದೆ. 2006ರಲ್ಲಿ ‘ಹಾರ್ಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಲುಸಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. 24 ಜನರಿಗೆ ರಾಗ ಸಂಗೀತ, ಟೆಕ್ನೋ, ಪಾಶ್ಚಾತ್ಯ ಶಾಸ್ತ್ರೀಯ ಹೀಗೆ ಬೇರೆ ಬೇರೆ ಬಗೆಯ ಸಂಗೀತ ಕೇಳಿಸಲಾಯಿತು. ವೇಗದ ಸಂಗೀತಕ್ಕೆ ಉಸಿರಾಟ, ರಕ್ತದೊತ್ತಡ, ಹೃದಯ ಬಡಿತ ಏರಿದವು. ಅಲ್ಲಿ ಕೆಲಸ ಮಾಡಿದ್ದು ಮುಖ್ಯವಾಗಿ ವೇಗವೇ ಹೊರತು ಸಂಗೀತದ ಜಾತಿಯಲ್ಲ. ಇನ್ನೂ ಕುತೂಹಲದ ಸಂಗತಿ ಎಂದರೆ, ನಡುವೆ ಎರಡು ನಿಮಿಷ ಮೌನ ಇಟ್ಟಾಗ ಜನ ಸಂಗೀತ ಶುರುವಾಗುವ ಮೊದಲಿಗಿಂತಲೂ ಹೆಚ್ಚು ನಿರಾಳವಾದರು. ಅಂದರೆ ದೇಹ ಏರಿಕೆಗೂ ಸ್ಪಂದಿಸುತ್ತದೆ, ಬಿಡುವಿಗೂ ಸ್ಪಂದಿಸುತ್ತದೆ. ಬಿಡುವೇ ಇಲ್ಲದೆ ಮೇಲೆಯೇ ಇಟ್ಟರೆ ಸಿಗುವುದು ಉತ್ಸಾಹವಲ್ಲ, ದಣಿವು.

ಇದರ ಜೊತೆಗೇ ಬರುವ ಇನ್ನೊಂದು ಫಾರ್ವರ್ಡ್, ‘432 ಹರ್ಟ್ಸ್ ಶ್ರುತಿಯ ಸಂಗೀತ ರೋಗ ಗುಣಪಡಿಸುತ್ತದೆ’ ಎಂಬುದು. ಇದಕ್ಕೆ ಗಟ್ಟಿ ಪುರಾವೆ ಇಲ್ಲ. ನಮ್ಮ ಗಾಯಕರು ತಮ್ಮ ಕಂಠಕ್ಕೆ ಹೊಂದುವ ಷಡ್ಜವನ್ನು ತಾವೇ ಆರಿಸಿಕೊಳ್ಳುತ್ತಾರೆ. ಒಂದೇ ಸಂಖ್ಯೆಯಲ್ಲಿ ಔಷಧ ಅಡಗಿದ್ದರೆ ಶತಮಾನಗಳ ಸಂಗೀತ ಹೀಗೆ ಬೆಳೆಯುತ್ತಿರಲಿಲ್ಲ.

ಬೇಸ್ ಇದ್ದರೆ ಜನ ಹೆಚ್ಚು ಕುಣಿಯುತ್ತಾರೆಯೇ?

ಹೌದು, ಇದಕ್ಕೆ ಪುರಾವೆ ಇದೆ. ಆದರೆ ನಾವು ಅಂದುಕೊಂಡ ರೀತಿಯಲ್ಲಲ್ಲ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಒಂದು ಎಲೆಕ್ಟ್ರಾನಿಕ್ ಸಂಗೀತ ಕಛೇರಿಯಲ್ಲಿ ಪ್ರಯೋಗ ಮಾಡಿ, ಅದರ ಫಲಿತಾಂಶವನ್ನು 2022ರಲ್ಲಿ ಪ್ರಕಟಿಸಿದರು. 8ರಿಂದ 37 ಹರ್ಟ್ಸ್‌ನ ಅತಿ ತಗ್ಗಿನ ಧ್ವನಿ ಹೊರಡಿಸುವ ಸ್ಪೀಕರ್‌ಗಳನ್ನು ಪ್ರೇಕ್ಷಕರಿಗೆ ತಿಳಿಸದೆ ಆಗಾಗ ಹಚ್ಚಿ, ಆರಿಸಿದರು. ಹಚ್ಚಿದಾಗ ಜನರ ಚಲನೆ ಸರಾಸರಿ ಶೇ 11.8ರಷ್ಟು ಹೆಚ್ಚಿತು. ಸ್ಪೀಕರ್ ಯಾವಾಗ ಹಚ್ಚಿದ್ದರು ಎಂಬುದು ಜನರಿಗೆ ಗೊತ್ತಾಗಲೇ ಇಲ್ಲ.

ಇಲ್ಲಿ ಗಮನಿಸಬೇಕಾದ್ದು ಏನೆಂದರೆ, ಕಿವಿಗೆ ಸರಿಯಾಗಿ ಕೇಳಿಸದಷ್ಟು ಮೆತ್ತಗಿನ ಬೇಸ್ ಕೂಡ ಜನರನ್ನು ಕುಣಿಸಿತು. ಕಿಟಕಿ ಗಾಜು ಅದುರಿಸುವುದು ಅದಕ್ಕೆ ಬೇಕಿರಲಿಲ್ಲ.

‘ಕಿವಿ ಒಗ್ಗಿಕೊಳ್ಳುತ್ತದೆ’ ಎಂಬುದು ನಿಜವೇ?

ಎಲ್ಲಕ್ಕಿಂತ ಅಪಾಯದ ನಂಬಿಕೆ ಇದು. ಬಾಕ್ಸ್ ಮುಂದೆ ಹತ್ತು ನಿಮಿಷ ನಿಂತ ಮೇಲೆ ಸದ್ದು ಅಷ್ಟೇನೂ ಜೋರಲ್ಲ ಎನ್ನಿಸುತ್ತದೆ. ಕಿವಿ ಒಗ್ಗಿದ್ದಲ್ಲ, ಮಂಕಾಗಿದ್ದು. ಒಳಗಿವಿಯ ಶಂಖದಂಥ ಭಾಗದಲ್ಲಿ ಸುಮಾರು 15 ಸಾವಿರ ಸೂಕ್ಷ್ಮ ರೋಮಕೋಶಗಳಿವೆ. ಸದ್ದಿನ ಅಲೆಯನ್ನು ನರದ ಸಂಕೇತವಾಗಿ ಬದಲಿಸುವುದು ಇವೇ. ಹೆಚ್ಚು ಸದ್ದಿಗೆ ಇವು ಬಳಲಿ ತಾತ್ಕಾಲಿಕವಾಗಿ ಮಂಕಾಗುತ್ತವೆ. ಮರುದಿನ ಸರಿಹೋಗಬಹುದು. ಹೀಗೆ ಮತ್ತೆ ಮತ್ತೆ ಆದರೆ ಕೋಶಗಳು ಸಾಯುತ್ತವೆ. ಮನುಷ್ಯರಲ್ಲಿ ಅವು ಮತ್ತೆ ಹುಟ್ಟುವುದಿಲ್ಲ.

ಡಿಜೆಯ ಕಿವಿಯೂ ಹೀಗೆಯೇ ಮಂಕಾಗುತ್ತದೆ. ಹಾಗಾಗಿ ಗಂಟೆ ಕಳೆದಂತೆ ಅವರು ಗೊತ್ತಿಲ್ಲದೆಯೇ ವಾಲ್ಯೂಮ್ ಏರಿಸುತ್ತಾ ಹೋಗುತ್ತಾರೆ. ಶುರುವಿನಲ್ಲೇ ತುದಿ ಮುಟ್ಟಿದ್ದರೆ ಮುಂದೆ ಏರಲು ಉಳಿಯುವುದು ಕೆಂಪು ದೀಪ ಮಾತ್ರ. ಆಮೇಲೆ ಧ್ವನಿ ಒಡೆದು ಕರ್ಕಶವಾಗುತ್ತದೆ, ಸ್ಪೀಕರ್ ಸುಟ್ಟರೂ ಸುಡಬಹುದು.

ಲೆಕ್ಕ ನೋಡೋಣ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಷ್ ಪ್ರಕಾರ ದಿನಕ್ಕೆ 85 ಡೆಸಿಬಲ್ ಸದ್ದನ್ನು 8 ಗಂಟೆ ಕೇಳುವುದು ಮಿತಿ. ಸದ್ದು 3 ಡೆಸಿಬಲ್ ಏರಿದಂತೆಲ್ಲ ಸಮಯ ಅರ್ಧ ಆಗುತ್ತದೆ. 88 ಡೆಸಿಬಲ್‌ಗೆ 4 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ ಬರೀ 15 ನಿಮಿಷ.

ಈಗ ಎರಡು ಗಂಟೆಯ ಮೊದಲ ಸೆಟ್ ತೆಗೆದುಕೊಳ್ಳಿ. 88 ಡೆಸಿಬಲ್‌ನಲ್ಲಿ ನುಡಿಸಿದರೆ ಕೇಳುಗರ ಕಿವಿಯ ದಿನದ ಪಾಲಿನಲ್ಲಿ ಅರ್ಧ ಮುಗಿದಿರುತ್ತದೆ. 100 ಡೆಸಿಬಲ್‌ನಲ್ಲಿ ನುಡಿಸಿದರೆ ಮುಖ್ಯ ಡಿಜೆ ಬರುವ ಮೊದಲೇ ಎಂಟು ದಿನದ ಪಾಲು ಖರ್ಚಾಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತ ಸ್ಥಳಗಳಿಗೆ ಹೇಳಿದ ಗರಿಷ್ಠ ಸರಾಸರಿಯೇ 100 ಡೆಸಿಬಲ್. ಅದರ ಜೊತೆ ಕಿವಿಗೆ ಬಿಡುವು ಕೊಡುವ ಶಾಂತ ಜಾಗ, ಇಯರ್‌ಪ್ಲಗ್ ಕೂಡ ಇರಬೇಕು ಎಂದು ಅದು ಹೇಳಿದೆ. ಮೆರವಣಿಗೆಯಲ್ಲಿ ಬಾಕ್ಸ್‌ಗೆ ಮೈ ತಾಗಿಸಿ ಮೂರ್ನಾಲ್ಕು ಗಂಟೆ ಕುಣಿಯುವ ಹುಡುಗರಿಗೆ ಇದ್ಯಾವುದೂ ಇರುವುದಿಲ್ಲ.

ಬಾಕ್ಸ್ ಎರಡು ಪಟ್ಟಾದರೆ ಸದ್ದೂ ಎರಡು ಪಟ್ಟೇ?

ಅಲ್ಲ. ಆಂಪ್ಲಿಫೈಯರ್‌ನ ಶಕ್ತಿಯನ್ನು ಎರಡು ಪಟ್ಟು ಮಾಡಿದರೆ ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ಅದು ‘ಸ್ವಲ್ಪ ಜೋರು’ ಅಷ್ಟೇ. ಸದ್ದು ಎರಡು ಪಟ್ಟು ಎನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು, ಅದಕ್ಕೆ ಶಕ್ತಿ ಹತ್ತು ಪಟ್ಟು ಬೇಕು. ಪಕ್ಕದ ಓಣಿಯ ಮಂಡಳಿಗಿಂತ ಜೋರಿರಬೇಕು ಎಂದು ಬಾಡಿಗೆ ಎರಡರಷ್ಟು ಕೊಟ್ಟವರಿಗೆ ಸಿಗುವುದು ಆ 3 ಡೆಸಿಬಲ್. ಕಿವಿಗೆ ಆಗುವ ಹಾನಿ ಮಾತ್ರ ನಿಜವಾಗಿಯೂ ಎರಡು ಪಟ್ಟು ವೇಗದಲ್ಲಿ ಆಗುತ್ತದೆ.

ಮೊಬೈಲ್ ಆ್ಯಪ್‌ನಲ್ಲಿ ಡೆಸಿಬಲ್ ನೋಡುವವರು ಒಂದು ವಿಷಯ ನೆನಪಿಡಬೇಕು. ಸಾಮಾನ್ಯ ಅಳತೆಯಲ್ಲಿ ಬೇಸ್‌ನ ಲೆಕ್ಕ ಕಡಿಮೆ ಬೀಳುತ್ತದೆ. ಆದ್ದರಿಂದ ಮೀಟರ್ ಕಡಿಮೆ ತೋರಿಸಿದರೂ ಓಣಿಯ ಕೊನೆಯ ಮನೆಯ ಬಾಗಿಲು ಅದುರುತ್ತಿರಬಹುದು. ತಗ್ಗಿನ ಧ್ವನಿ ಗೋಡೆಗಳನ್ನು ಸುಲಭವಾಗಿ ದಾಟುತ್ತದೆ.

ಕಾನೂನು ಏನು ಹೇಳುತ್ತದೆ?

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ವಾಣಿಜ್ಯ ಪ್ರದೇಶದಲ್ಲಿ 65 ಮತ್ತು 55. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್‌ವರೆಗಿನ ನಿಶ್ಶಬ್ದ ವಲಯದಲ್ಲಿ 50 ಮತ್ತು 40. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ಸಾರ್ವಜನಿಕ ಜಾಗದ ಗಡಿಯಲ್ಲಿ ಧ್ವನಿವರ್ಧಕದ ಸದ್ದು ಆ ಪ್ರದೇಶದ ಮಿತಿಗಿಂತ 10 ಡೆಸಿಬಲ್ ಹೆಚ್ಚು ಅಥವಾ 75 ಡೆಸಿಬಲ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ನಿಷಿದ್ಧ. ಹಬ್ಬ, ಉತ್ಸವಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ ಗರಿಷ್ಠ 15 ದಿನ, ರಾತ್ರಿ 12ರವರೆಗೆ ಮಾತ್ರ ವಿನಾಯಿತಿ ಕೊಡಬಹುದು. ಸುಪ್ರೀಂ ಕೋರ್ಟ್ ಕೂಡ 2005ರ ಜುಲೈನಲ್ಲಿ ನೀಡಿದ ತೀರ್ಪಿನಲ್ಲಿ, ಬೇಡದ ಸದ್ದನ್ನು ಕೇಳುವಂತೆ ಯಾರನ್ನೂ ಬಲವಂತ ಮಾಡುವ ಹಕ್ಕು ಯಾರಿಗೂ ಇಲ್ಲ ಎಂಬ ನಿಲುವು ತಾಳಿದೆ.

ಹಾಗಾದರೆ ನಾವು ಏನು ಮಾಡಬಹುದು?

ಮೊದಲ ಹಾಡೇ ಫುಲ್ ಸೌಂಡ್‌ನಲ್ಲಿ ಇರಬೇಕು ಎಂಬ ನಂಬಿಕೆಗೆ ಆಧಾರವಿಲ್ಲ. ಅದರಿಂದ ಕುಣಿತ ಹೆಚ್ಚುವುದಿಲ್ಲ, ಬೇಗ ಮುಗಿಯುತ್ತದೆ. ಹಂಚು ಕಾಯದೆ ರೊಟ್ಟಿ ಹಾಕಿದರೆ ಆಗುವುದೂ ಇದೇ ತಾನೇ?

ಬಾಡಿಗೆಗೆ ಡಿಜೆ ತರುವ ಮಂಡಳಿಯವರು ಬಾಕ್ಸ್ ಎಷ್ಟು ಎಂದು ಕೇಳುವುದರ ಜೊತೆಗೆ ಹಾಡು ಆರಿಸುವವರು ಯಾರು ಎಂದೂ ಕೇಳಿ. ಮೊದಲ ಅರ್ಧ ಗಂಟೆ ಕಡಿಮೆ ವಾಲ್ಯೂಮ್, ನಡುನಡುವೆ ಹಲಗೆ ಅಥವಾ ಡೊಳ್ಳಿಗೆ ಅವಕಾಶ ಎಂದು ಮುಂಚೆಯೇ ಮಾತಾಡಿಕೊಳ್ಳಿ. ಬಾಕ್ಸ್‌ಗೂ ಬಿಡುವು, ಕಿವಿಗೂ ಬಿಡುವು.

ನುಡಿಸುವ ಹುಡುಗರು ಶುರುವಿನಲ್ಲಿ ಮಾಸ್ಟರ್ ವಾಲ್ಯೂಮ್ ಎಲ್ಲಿತ್ತು ಎಂದು ಒಂದು ಟೇಪ್ ಅಂಟಿಸಿ ಗುರುತು ಮಾಡಿಕೊಳ್ಳಿ. ರಾತ್ರಿ ಕಳೆದಂತೆ ಕಿವಿಯನ್ನಲ್ಲ, ಆ ಗುರುತನ್ನು ನಂಬಿ. ಇಯರ್‌ಪ್ಲಗ್ ಹಾಕಿಕೊಳ್ಳುವುದು ನಾಚಿಕೆಯ ವಿಷಯವಲ್ಲ. ಈ ಕೆಲಸದಲ್ಲಿ ನಿಮ್ಮ ಬಂಡವಾಳ ಬಾಕ್ಸ್ ಅಲ್ಲ, ಕಿವಿ.

ಕುಣಿಯುವವರು ಬಾಕ್ಸ್‌ನಿಂದ ದೂರ ನಿಲ್ಲಿ. ಬಯಲಲ್ಲಿ ಒಂದೇ ಸ್ಪೀಕರ್‌ನಿಂದ ದೂರ ಎರಡು ಪಟ್ಟಾದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಬಾಕ್ಸ್‌ಗಳ ಗೋಡೆಯ ತೀರಾ ಹತ್ತಿರ ಇಳಿಕೆ ಅಷ್ಟಿರುವುದಿಲ್ಲ, ಆದ್ದರಿಂದ ಒಂದೆರಡು ಹೆಜ್ಜೆ ಸರಿದರೆ ಸಾಲದು. ಕೂಸುಗಳನ್ನು ಎತ್ತಿಕೊಂಡು ಬಾಕ್ಸ್ ಹತ್ತಿರ ಹೋಗಲೇಬೇಡಿ. ಮರುದಿನವೂ ಕಿವಿಯಲ್ಲಿ ‘ಗುಂಯ್’ ಎನ್ನುವುದು ನಿಲ್ಲದಿದ್ದರೆ ಕಿವಿ, ಮೂಗು, ಗಂಟಲು ವೈದ್ಯರಿಗೆ ತೋರಿಸಿ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದಾದರೆ ಎಣ್ಣೆ ಬಿಟ್ಟುಕೊಂಡು ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಆಗ ಚಿಕಿತ್ಸೆ ಬೇಗ ಶುರುವಾದಷ್ಟೂ ಒಳ್ಳೆಯದು.

ಈ ಬರಹವನ್ನು ಫಾರ್ವರ್ಡ್ ಮಾಡುವುದಾದರೆ ನಿಮ್ಮ ಓಣಿಯ ಗಣೇಶ ಮಂಡಳಿಯ ಗ್ರೂಪಿಗೆ ಮಾಡಿ, ಹಬ್ಬದ ಹಿಂದಿನ ದಿನವಲ್ಲ, ಡಿಜೆಗೆ ಮುಂಗಡ ಕೊಡುವ ಮೊದಲೇ.